ಆಂಬ್ರೋಸ್ ಎಂಬ ಆರನೆಯವನು

ಜನವರಿ 12, ಭಾನುವಾರ

ಮುಂದೊಂದು ದಿನ ನನ್ನ ಜೀವನಚರಿತ್ರೆ ಬರೆಯಲಿರುವ ವಿದ್ವಾಂಸರ ಅವಗಾಹನೆಗೆ: ಹೆಟ್ಟಿ ಮಸ್‌ಗ್ರೇವ್ ಎಂಬ, ಹದಿನಾರು ತುಂಬಿದ ಮಹನೀಯಳು ಈ ದಿನ ಸಂಜೆ ನಾಲ್ಕು ಗಂಟೆಗೆ ಅಡುಗೆಮನೆಯ ಮೇಜಿನ ಮುಂದೆ ಆಸೀನಳಾಗಿ, ಎರಡು ಅರ್ಜಿ ನಮೂನೆಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಎರಡರ ಮೇಲೂ ಟೀ ಚೆಲ್ಲಿದಳು.

ಒಂದು ನಮೂನೆ ನಮ್ಮ ಕೆಲ್ಸ್‌ವಿಕ್‌ನ ಗುಡ್ಡದ ಮೇಲಿನ ಶಾಲೆಯದು. ಐದು ವರ್ಷದಿಂದ ಅಲ್ಲೇ ಇದ್ದೇನೆ. ಬೇಸಿಗೆಯ ಪರೀಕ್ಷೆ ಮುಗಿದ ಮೇಲೆ ಉಳಿಯುವ ಎರಡು ವರ್ಷ, ಅಂದರೆ ಸಿಕ್ಸ್ತ್ ಫಾರ್ಮ್, ಅದನ್ನೂ ಅಲ್ಲೇ ಮುಗಿಸಬಹುದು. ಇನ್ನೊಂದು ನಮೂನೆ ಕಾರ್ಲೈಲ್‌ನ ಕಾಲೇಜಿನದು. ಸಮುದ್ರದ ಅಂಚಿನಲ್ಲೇ ಸಾಗುವ ರೈಲಿನಲ್ಲಿ ಒಂದೂಕಾಲು ಗಂಟೆ. ಅಲ್ಲಿ ನಾಟಕವೂ ಒಂದು ವಿಷಯ. ನಮ್ಮ ಶಾಲೆಯಲ್ಲಿ ನಾಟಕವನ್ನು ಎರಡು ವರ್ಷದ ಹಿಂದೆಯೇ ನಿಲ್ಲಿಸಿ, ರಂಗಮಂಚದ ಮೇಲೆ ಪರೀಕ್ಷೆಯ ಡೆಸ್ಕುಗಳನ್ನು ಪೇರಿಸಿಟ್ಟಿದ್ದಾರೆ.

ಅರ್ಜಿಗೆ ಈ ತಿಂಗಳು ಮೂವತ್ತೊಂದು ಕೊನೆಯ ದಿನ.

ಅಮ್ಮ ಬಸ್ ಓಡಿಸುವ ಕೆಲಸ ಮುಗಿಸಿ ಬಂದು, ಕೋಟು ಬಿಚ್ಚುತ್ತ ಕೇಳಿದಳು.

"ಏನ್ ತೀರ್ಮಾನ ಆಯ್ತು?"

"ರಾಜಮಾತೆಯವರೇ, ವಿಷಯ ಸಮಿತಿಯ ಮುಂದಿದೆ."

"ಸಮಿತೀಲಿ ಯಾರ್ಯಾರಿದ್ದೀರಿ?"

"ನಾನು ಮತ್ತೆ ಬೆಕ್ಕು."

"ಬೆಕ್ಕಿನ ಅಭಿಪ್ರಾಯ ನನಗೆ ಗೊತ್ತು. ನಿಂದು ಹೇಳು."

ನಾನು ಬೆಕ್ಕಿನ ಪರವಾಗಿ ಮಿಯಾಂವ್ ಎಂದೆ. ಅಮ್ಮ ಕೆಟಲ್ ಹಚ್ಚಲು ಹೋದಳು. ಸಭೆಯನ್ನು ಮುಂದೂಡಲಾಯಿತು.

ಜನವರಿ 23, ಗುರುವಾರ

ಸಿಕ್ಸ್ತ್ ಫಾರ್ಮಿನ ಪರಿಚಯ ಸಂಜೆ. ಪ್ರಯೋಗಾಲಯದಲ್ಲಿ ಪಾಸಲ್‌ಥ್ವೇಟ್ ಸರ್ ನಿಂತಿದ್ದರು. ಫಿಸಿಕ್ಸ್ ಹೇಳಿಕೊಡುವವರು, ಕಂಬದಷ್ಟು ಎತ್ತರ, ಕಂಬದಷ್ಟೇ ಮಾತು. ಒಂಬತ್ತನೆಯ ತರಗತಿಯಲ್ಲಿದ್ದಾಗ ನಾನು ಊಟದ ಹಾಲಿನ ಬಾಗಿಲಿಗೆ 'ಎಡಗಾಲು ಮುಂದಿಟ್ಟು ಒಳಬರತಕ್ಕದ್ದು — ಆರೋಗ್ಯ ಮತ್ತು ಸುರಕ್ಷತಾ ಸಮಿತಿ' ಎಂದು ಚೀಟಿ ಅಂಟಿಸಿದ್ದೆ. ಮೂರು ದಿನ ಇಡೀ ಶಾಲೆ, ಉಪಮುಖ್ಯೋಪಾಧ್ಯಾಯರ ಸಮೇತ, ಎಡಗಾಲಿಟ್ಟೇ ಊಟಕ್ಕೆ ಹೋಯಿತು. ಅದನ್ನು ಬರೆದದ್ದು ಯಾರೆಂದು ಪಾಸಲ್‌ಥ್ವೇಟ್ ಸರ್‌ಗೆ ಗೊತ್ತಿತ್ತು. ಹೇಳಲಿಲ್ಲ. ಆ ಋಣವೊಂದಿದೆ.

ನನ್ನ ಜೊತೆ ಕ್ಲೆಮ್ ಇದ್ದಳು. ಕ್ಲೆಮೆನ್ಸಿ ಫಿಯರನ್, ನಾಲ್ಕು ವರ್ಷದವಳಿದ್ದಾಗಿನಿಂದ ನನ್ನ ಗೆಳತಿ. ಅವಳಿಗೆ ಸೇತುವೆ ಕಟ್ಟಬೇಕು. ಫಿಸಿಕ್ಸ್ ಇಲ್ಲದೆ ಸೇತುವೆ ಇಲ್ಲ. ಕಾರ್ಲೈಲ್‌ಗೆ ಅವಳು ಹೋಗುವಂತಿಲ್ಲ. ಅವಳಮ್ಮನಿಗೆ ಪಾಳಿಯ ಕೆಲಸ, ಏಳು ವರ್ಷದ ಅವಳಿ ತಮ್ಮಂದಿರನ್ನು ದಿನಾ ನಾಲ್ಕೂವರೆಗೆ ಶಾಲೆಯಿಂದ ಕರೆತರುವವಳು ಇವಳೇ.

"ಆರು ಜನ ಆದ್ರೆ ಕ್ಲಾಸು ನಡೆಯುತ್ತೆ. ಐದಾದ್ರೆ ಇಲ್ಲ," ಎಂದರು ಸರ್. "ನಿಯಮ ನಂದಲ್ಲ, ಮೇಲಿನವರದು. ಬೇರೆ ಕಾಲೇಜಿಗೂ ಅರ್ಜಿ ಹಾಕಿರೋರನ್ನ ಲೆಕ್ಕಕ್ಕೆ ಹಿಡಿಯಲ್ಲ. ಈಗ ಐದು ಜನ ಇದ್ದಾರೆ. ಹೆಟ್ಟಿ, ನಿನ್ನ ಸೇರಿಸ್ಕೊಳ್ಳಲಾ?"

ಕ್ಲೆಮ್ ನನ್ನ ಕಡೆ ನೋಡಲಿಲ್ಲ. ನೋಡದೇ ಇರುವುದಕ್ಕೆ ತುಂಬಾ ಕಷ್ಟಪಡುತ್ತಿದ್ದಳು.

ನಾನು ಎದೆಯ ಮೇಲೆ ಕೈಯಿಟ್ಟು, "ಸರ್, ಗುರುತ್ವಾಕರ್ಷಣೆ ಇರೋವರೆಗೂ ಹೆಟ್ಟಿ ಮಸ್‌ಗ್ರೇವ್ ಇರ್ತಾಳೆ," ಎಂದೆ. ಎಲ್ಲರೂ ನಕ್ಕರು.

ವಕೀಲರು ಗಮನಿಸತಕ್ಕದ್ದು: ಇದನ್ನು ಒಪ್ಪಿಗೆಯೆಂದು ಪರಿಗಣಿಸಲಾಗದು.

ಜನವರಿ 30, ಗುರುವಾರ

ಈ ದಿನ ಕೆಲ್ಸ್‌ವಿಕ್ ನಗರದ ಜನಸಂಖ್ಯೆ ಒಂದರಷ್ಟು ಹೆಚ್ಚಿದೆ ಎಂದು ತಿಳಿಸಲು ಹರ್ಷಿಸುತ್ತೇನೆ.

ಕಾರ್ಲೈಲ್‌ಗೆ ಅರ್ಜಿ ಹಾಕಿದೆ. ನಮ್ಮ ಶಾಲೆಗೂ ಹಾಕಿದೆ. ಶಾಲೆಯ ನಮೂನೆಯ ಕೊನೆಯಲ್ಲಿ 'ಬೇರೆಡೆಗೂ ಅರ್ಜಿ ಸಲ್ಲಿಸಿದ್ದೀರಾ' ಎಂಬ ಪುಟ್ಟ ಚೌಕವಿದೆ. ಅದರಲ್ಲಿ ಗುರುತು ಹಾಕಿದೆ. ಹಾಕಿದ ಮೇಲೆ ಹತ್ತು ನಿಮಿಷ ಆ ಗುರುತನ್ನೇ ನೋಡುತ್ತ ಕೂತೆ. ಅದು ಅಲ್ಲಿರುವವರೆಗೆ ಫಿಸಿಕ್ಸ್‌ಗೆ ಐದೇ ಜನ.

ಆಮೇಲೆ ಹೊರ ಊರಿನ ವಿದ್ಯಾರ್ಥಿಗಳಿಗೆಂದು ಶಾಲೆಯ ಜಾಲತಾಣದಲ್ಲಿರುವ ಅರ್ಜಿಯನ್ನು ತೆರೆದೆ. ಹೆಸರು: ಆಂಬ್ರೋಸ್ ಪಿಕ್‌ಥಾಲ್. ಈಗಿರುವ ಊರು: ಸ್ಕಾಟ್ಲೆಂಡಿನ ಡಂಫ್ರೀಸ್. ಬೇಸಿಗೆಯಲ್ಲಿ ಕುಟುಂಬ ಕೆಲ್ಸ್‌ವಿಕ್‌ಗೆ ಬರಲಿದೆ. ವಿಳಾಸ ಮತ್ತು ಫೋನು: ಮೀನಿನಂಗಡಿಯ ಮೇಲಿನ ಮನೆ (ಅಂದರೆ ನನ್ನ ಅಜ್ಜಿಯದು). ನಿರೀಕ್ಷಿತ ಅಂಕಗಳು: ಉತ್ತಮ, ಆದರೆ ಅನುಮಾನ ಬರುವಷ್ಟಲ್ಲ. ವಿಷಯಗಳು: ಗಣಿತ, ಇತಿಹಾಸ, ಫಿಸಿಕ್ಸ್. ಫಿಸಿಕ್ಸ್ ಏಕೆ ಎಂಬ ಪ್ರಶ್ನೆಗೆ ಆಂಬ್ರೋಸ್ ಬರೆದ: 'ವಸ್ತುಗಳು ಏಕೆ ಬೀಳುತ್ತವೆ ಎಂದು ತಿಳಿದರೆ ಬೀಳುವಾಗ ಕಡಿಮೆ ಭಯವಾಗುತ್ತದೆ ಎಂದು ನಂಬಿದ್ದೇನೆ.'

ಎಷ್ಟು ಗಂಭೀರ ಹುಡುಗ. ನನಗೆ ಅವನು ಹಿಡಿಸಿದ.

ಫೆಬ್ರವರಿ 11, ಮಂಗಳವಾರ

ಅಜ್ಜಿಯ ಫೋನು.

"ಹೆಟ್ಟಿ, ನಮ್ಮನೇಲಿ ಆಂಬ್ರೋಸ್ ಅನ್ನೋನು ಯಾವಾಗಿಂದ ಇದಾನೆ?"

"ಅಜ್ಜಿ, ಅದನ್ನ ವಿವರಿಸ್ತೀನಿ."

"ನಿಧಾನಕ್ಕೆ ವಿವರಿಸು. ಊಟಕ್ಕೆ ಇರ್ತಾನಾ ಇಲ್ವಾ, ಅದಷ್ಟು ಮೊದ್ಲು ಹೇಳು. ನಿಮ್ಮ ಶಾಲೆ ಆಫೀಸಿಂದ ಫೋನು ಬಂದಿತ್ತು, ಅವನ ಹತ್ರ ಮಾತಾಡ್ಬೇಕಂತೆ."

"ನೀವೇನಂದ್ರಿ?"

"ಸ್ನಾನಕ್ಕೆ ಹೋಗಿದಾನೆ ಅಂದೆ. ಆಕೆ ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದ್ಲು. ಇನ್ನೂ ಬಂದಿಲ್ಲ, ಬಹಳ ಶುಚಿಯ ಹುಡುಗ ಅಂದೆ. ಸೀಟು ಕೊಟ್ಟಿದೀವಿ, ಅವನಿಗೆ ಒಪ್ಪಿಗೇನಾ ಅಂದ್ಲು. ಒಪ್ಪಿಗೆ ಅಂದುಬಿಟ್ಟೆ."

"ಯಾರು ಏನು ಅಂತ ಗೊತ್ತಿಲ್ದೇನೆ?"

"ನಮ್ಮ ವಂಶದ ಕೆಲಸ ಅಂತ ವಾಸನೆ ಬಂತು ಕಣೇ."

ಎಲ್ಲ ಹೇಳಿದೆ. ಅಜ್ಜಿ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ, "ಇದ್ರಿಂದ ಯಾರಿಗಾದ್ರೂ ಪೆಟ್ಟಾಗುತ್ತಾ?" ಎಂದರು.

"ಯಾರಿಗೂ ಇಲ್ಲ ಅಜ್ಜಿ. ಕ್ಲೆಮ್‌ಗೆ ಕ್ಲಾಸು ಸಿಗುತ್ತೆ. ಒಂದ್ಸಲ ಶುರುವಾದ್ಮೇಲೆ ನಿಲ್ಸಲ್ಲ."

"ಹಂಗಾದ್ರೆ ಸರಿ," ಎಂದರು. ಎಂದಿಗಿಂತ ಸ್ವಲ್ಪ ತಡವಾಗಿ ಎಂದರು.

ಮಾರ್ಚ್ 6, ಗುರುವಾರ

ಸೂಚನಾ ಫಲಕದಲ್ಲಿ ಪಟ್ಟಿ ಬಂದಿದೆ. ಹೆಸರುಗಳಿಲ್ಲ, ಬರೀ ಸಂಖ್ಯೆ. ಜರ್ಮನ್: 3, ನಡೆಯುವುದಿಲ್ಲ. ಫಿಸಿಕ್ಸ್: 6, ನಡೆಯುತ್ತದೆ.

ಕ್ಲೆಮ್ ಎಲ್ಲರ ಮುಂದೆ ನನ್ನನ್ನು ಬಿಗಿಯಾಗಿ ತಬ್ಬಿಕೊಂಡಳು. ಅವಳು ಯಾರನ್ನೂ ತಬ್ಬುವವಳಲ್ಲ.

"ನಂಗೊತ್ತಿತ್ತು, ನೀನು ಹೋಗಲ್ಲ ಅಂತ. ಬಾಯಲ್ಲಿ ಏನೇ ಅಂದ್ರೂ ಹೋಗಲ್ಲ ಅಂತ ಗೊತ್ತಿತ್ತು."

ನಾನು ಏನಾದರೂ ಹೇಳಬೇಕಿತ್ತು. "ನನ್ನ ಪ್ರತಿಮೆಯನ್ನ ಎಲ್ಲಿ ನಿಲ್ಲಿಸ್ಬೇಕು ಅಂತ ಯೋಚ್ನೆ ಮಾಡಿ," ಎಂದೆ.

ಪಕ್ಕದೂರಿನ ತಾಂತ್ರಿಕ ಕಾಲೇಜಿನಲ್ಲಿ ಅವಳಿಗೊಂದು ಸೀಟು ಸಿಕ್ಕಿತ್ತಂತೆ; ಕೆಲಸದ ತರಬೇತಿಯ ಸೀಟಾದ್ದರಿಂದ ಶಾಲೆಯ ಆ ಚೌಕದ ಲೆಕ್ಕಕ್ಕೆ ಅದು ಬರುವುದಿಲ್ಲವಂತೆ. ಇಲ್ಲಿ ಕ್ಲಾಸು ನಡೆಯದಿದ್ದರೆ ಇರಲಿ ಎಂದು ಹಿಡಿದಿಟ್ಟುಕೊಂಡಿದ್ದಳು. ಮಧ್ಯಾಹ್ನವೇ ಬೇಡವೆಂದು ಬರೆದು ಕಳಿಸಿಬಿಟ್ಟಳು. ಕಳಿಸಿದ ಮೇಲೆ ನನಗೆ ಹೇಳಿದಳು.

ಏಪ್ರಿಲ್ 15, ಮಂಗಳವಾರ

ಈಸ್ಟರ್ ರಜೆ. ಓದಬೇಕು. ಓದುತ್ತಿಲ್ಲ. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಎಲ್ಲಿಗೆ ಎಂದು ಗೊತ್ತಾಗುವುದಿಲ್ಲ. ಸಮುದ್ರದ ಗೋಡೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಾಲ್ಕು ಸಲ ನಡೆದೆ.

ಆಂಬ್ರೋಸ್‌ನ ಬಗ್ಗೆ ಯೋಚಿಸುತ್ತಿದ್ದೆ. ಅವನ ಪಾಡು ಕಷ್ಟ. ಹೊಸ ಶಾಲೆಯ ಗೇಟಿನೊಳಗೆ ಕಾಲಿಡುವಾಗ ಅವನು ಯಾರೆಂದು ಒಬ್ಬರಿಗೂ ಗೊತ್ತಿರುವುದಿಲ್ಲ. ಡಂಫ್ರೀಸ್‌ನಲ್ಲಿ ಅವನು ತಮಾಷೆಯವನಿದ್ದಿರಬಹುದು, ಬಾಯಿ ತೆರೆಯುವ ಮೊದಲೇ ಜನ ನಗುತ್ತಿದ್ದಿರಬಹುದು. ಇಲ್ಲಿ ಬಾಯಿ ತೆರೆದ ಮೇಲೂ ನಗದಿದ್ದರೆ? ಆಗ ಅವನ ಹತ್ತಿರ ಇನ್ನೇನಿದೆ? ಮಧ್ಯಾಹ್ನ ತಟ್ಟೆ ಹಿಡಿದುಕೊಂಡು ಯಾವ ಮೇಜಿನ ಕಡೆ ಹೋಗುತ್ತಾನೆ?

ಇಲ್ಲದ ಹುಡುಗನ ಮೇಲೆ ಎರಡು ಪುಟ ಬರೆದಿದ್ದೇನೆ. ರಸಾಯನಶಾಸ್ತ್ರ ಒಂದು ಪುಟವೂ ಆಗಿಲ್ಲ.

ಮೇ 9, ಶುಕ್ರವಾರ

ಪರೀಕ್ಷೆಗೆ ಮುಂಚಿನ ಕೊನೆಯ ದಿನ. ಹೋಗುವ ವರ್ಗದವರು ಶಾಲೆಗೊಂದು ಚೇಷ್ಟೆ ಮಾಡಿ ಹೋಗುವುದು ಸಂಪ್ರದಾಯ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಉಪಮುಖ್ಯೋಪಾಧ್ಯಾಯರು ಬೆಳಗ್ಗೆ ಏಳಕ್ಕೇ ಬಂದು ಕಾವಲು ನಿಂತಿದ್ದರಂತೆ.

ಏನೂ ಮಾಡಲಿಲ್ಲ. ಅವರು ನಿರಾಶರಾದಂತೆ ಕಂಡರು.

ಒಬ್ಬರ ಅಂಗಿಯ ಮೇಲೆ ಒಬ್ಬರು ಬರೆದೆವು. ಕ್ಲೆಮ್ ನನ್ನ ಬೆನ್ನ ಮೇಲೆ ದಪ್ಪ ಮಸಿಯಲ್ಲಿ ಬರೆದಳು: 'ನಿನಗೆ ಇನ್ನೂ ಎರಡು ವರ್ಷ ನನ್ನ ಕಾಟ ಇದೆ.' ಮನೆಗೆ ಬಂದು ಅಂಗಿ ಬಿಚ್ಚುವವರೆಗೂ ನಾನದನ್ನು ಓದಿರಲಿಲ್ಲ.

ಜುಲೈ 2, ಬುಧವಾರ

ಕಾರ್ಲೈಲ್. ಹೊಸಬರಿಗೆ ಒಂದು ದಿನದ ಪರಿಚಯ. ಅಮ್ಮನಿಗೆ ಹೇಳಿ ಹೋದೆ, ಕ್ಲೆಮ್‌ಗೆ ಹಲ್ಲಿನ ವೈದ್ಯರ ಹತ್ತಿರ ಎಂದು ಹೇಳಿ ಹೋದೆ.

ಅಲ್ಲಿ ನಿಜವಾದ ರಂಗಮಂಚವಿದೆ. ಕಪ್ಪು ನೆಲ. ನಾಟಕದ ಟೀಚರ್, ಬೋಳುತಲೆಯ ಗಿಡ್ಡ ಹೆಂಗಸು, ಒಬ್ಬೊಬ್ಬರನ್ನೇ ಕರೆದು, ಭಾರದ ಪೆಟ್ಟಿಗೆಯೊಂದನ್ನು ಹೊತ್ತು ಆ ಕಡೆಯಿಂದ ಈ ಕಡೆಗೆ ನಡೆಯಿರಿ ಎಂದರು. ಪೆಟ್ಟಿಗೆ ಇಲ್ಲ. ನಾನು ಮುಗ್ಗರಿಸಿದೆ, ಪೆಟ್ಟಿಗೆಯನ್ನು ಬೈದೆ, ಅದರ ಕ್ಷಮೆ ಕೇಳಿದೆ. ಎಲ್ಲರೂ ನಕ್ಕರು. ನನ್ನನ್ನು ಅರಿಯದ ಮೂವತ್ತು ಜನ ನಕ್ಕರು.

"ಚೆನ್ನಾಗಿತ್ತು," ಎಂದರು ಆಕೆ. "ಈಗ ಯಾರನ್ನೂ ನಗಿಸದೆ ಮಾಡು."

ಮೊದಲ ಸಲ ಆಗಲಿಲ್ಲ. ಎರಡನೆಯ ಸಲ ಕೈ ನಿಜವಾಗಿಯೂ ನೋಯತೊಡಗಿತು. ಯಾರೂ ನಗಲಿಲ್ಲ. ಯಾರೂ ಅಲುಗಾಡಲೂ ಇಲ್ಲ.

ಮಧ್ಯಾಹ್ನ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಸ್ಯಾಂಡ್‌ವಿಚ್ ತಿಂದೆ.

ನಾಳೆಯೇ ಮತ್ತೆ ಹೋಗಬೇಕು ಅನ್ನಿಸುತ್ತಿದೆ. ಬರೆದಿದ್ದೇನೆ, ಹೊಡೆದು ಹಾಕುವುದಿಲ್ಲ.

ಜುಲೈ 4, ಶುಕ್ರವಾರ

ನಮ್ಮ ಶಾಲೆಯ ಪರಿಚಯದ ದಿನ. ಪಾಸಲ್‌ಥ್ವೇಟ್ ಸರ್ ಆರು ಸ್ಟೂಲು ಹಾಕಿದ್ದರು. ನಾನು ಕ್ಲೆಮ್ ಪಕ್ಕದಲ್ಲಿ ಕೂತೆ. ಅವರು ನನ್ನನ್ನು ನೋಡಿ, ಮೂಲೆಯಿಂದ ಏಳನೆಯ ಸ್ಟೂಲು ತಂದರು. ಹೆಸರು ಓದಿದರು. ಐದು ಹೆಸರಾಯಿತು.

"ಆಂಬ್ರೋಸ್ ಪಿಕ್‌ಥಾಲ್."

ಸರ್ ಬಾಗಿಲ ಕಡೆ ನೋಡಿದರು.

"ಬಂದಿಲ್ಲ ಅನ್ಸುತ್ತೆ. ಡಂಫ್ರೀಸ್ ಕಡೆಯವನು. ಅರ್ಜೀಲಿ ಎಂಥ ಮಾತು ಬರೆದಿದ್ದ ಗೊತ್ತಾ," ಎಂದು ಸರ್ ಆ ವಾಕ್ಯವನ್ನು, ವಸ್ತುಗಳು ಬೀಳುವ ವಾಕ್ಯವನ್ನು, ಬಾಯಿಪಾಠ ಹೇಳಿದರು. "ಮೂವತ್ತು ವರ್ಷದಲ್ಲಿ ಹಿಂಗೆ ಬರೆದ ಹುಡುಗನ್ನ ನಾನು ಕಂಡಿಲ್ಲ."

"ಸರ್, ಹೆಟ್ಟಿ ಹೆಸರು?" ಎಂದಳು ಕ್ಲೆಮ್.

"ಅವಳು ಕಾರ್ಲೈಲ್‌ಗೂ ಹಾಕಿದಾಳಲ್ಲ. ಲೆಕ್ಕಕ್ಕಿಲ್ಲ. ಬಂದ್ರೆ ಸಂತೋಷ."

ಕ್ಲೆಮ್ ನನ್ನ ಕಡೆ ತಿರುಗಿದಳು. ಆ ವಾಕ್ಯ ಯಾರದೆಂದು ಅವಳಿಗೆ ಗೊತ್ತಾಗಿಹೋಗಿತ್ತು. ಹನ್ನೆರಡು ವರ್ಷದ ಗೆಳೆತನ.

ಜುಲೈ 5, ಶನಿವಾರ

ಸಮುದ್ರದ ಗೋಡೆಯ ಮೇಲೆ. ಕ್ಲೆಮ್‌ಳ ತಮ್ಮಂದಿರು ಕೆಳಗೆ ಏಡಿ ಹುಡುಕುತ್ತಿದ್ದರು.

"ಒಂದು, ಸ್ಕಾಟ್ಲೆಂಡಲ್ಲಿ ನಮ್ಮ ಪರೀಕ್ಷೇನೆ ಇಲ್ಲ. ಅವರದ್ದೇ ಬೇರೆ. ಡಂಫ್ರೀಸ್ ಹುಡುಗನಿಗೆ ನಮ್ಮ ಅಂಕ ಹೆಂಗೆ ಬರೆದೆ? ಆಫೀಸಲ್ಲಿ ಯಾರೂ ನೋಡಿಲ್ಲ ಅಂದ್ರೆ ಅವರೂ ನಿನ್ನಷ್ಟೇ ದಡ್ಡರು," ಎಂದಳು.

"ಎರಡು?"

"ಎರಡು, ನಾನು ತಾಂತ್ರಿಕ ಕಾಲೇಜಿನ ಸೀಟು ಬಿಟ್ಟೆ. ನಿನಗೆ ಗೊತ್ತಿತ್ತು."

"ಬಿಟ್ಟ ಮೇಲೆ ಗೊತ್ತಾಯ್ತು."

"ಆಮೇಲೆ ನಾಲ್ಕು ತಿಂಗಳು ಇತ್ತಲ್ಲ."

ನಾನು ಗೋಡೆಯ ಪಾಚಿ ಕೆರೆಯತೊಡಗಿದೆ.

"ಹೋಗ್ತೀನಿ ಅಂತ ಒಂದ್ಮಾತು ಹೇಳಿದ್ರೆ ಮುಗೀತಿತ್ತು ಕಣೇ. ನಾನು ಒಂದಿನ ಅಳ್ತಿದ್ದೆ, ಆಮೇಲೆ ಏನೋ ಒಂದು ಮಾಡ್ಕೋತಿದ್ದೆ. ಅದು ಹೇಳೋಕೆ ಧೈರ್ಯ ಇಲ್ದೆ ಒಬ್ಬ ಹುಡುಗನ್ನೇ ಹೆತ್ತಿದೀಯ."

"ನಾನು ಉಳೀತೀನಿ. ನಿಜವಾಗ್ಲೂ. ಆಗ ಆರಾಗುತ್ತೆ."

"ಬೇಡ. ಎರಡು ವರ್ಷ ನಿನ್ನ ತ್ಯಾಗದ ಮುಖ ನೋಡ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ."

ಅವಳು ತಮ್ಮಂದಿರನ್ನು ಕರೆದುಕೊಂಡು ಹೋದಳು. ಒಬ್ಬ ಅಲ್ಲಿಂದಲೇ ತಿರುಗಿ ನನಗೆ ಏಡಿ ತೋರಿಸಿದ.

ಜುಲೈ 7, ಸೋಮವಾರ

ಪಾಸಲ್‌ಥ್ವೇಟ್ ಸರ್‌ಗೆ ಹೇಳಿದೆ. ಹೇಗೆ ಹೇಳಬೇಕೆಂದು ರೈಲಿನಷ್ಟು ಉದ್ದದ ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು, "ಸರ್, ಆಂಬ್ರೋಸ್ ಇಲ್ಲ. ನಾನೇ ಬರೆದೆ," ಅಷ್ಟೇ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ನಗಬಹುದು ಎಂದೂ ಒಂದು ಆಸೆಯಿತ್ತು. ಅವರು ಸ್ಟೂಲಿನ ಮೇಲೆ ಕೂತು ಕನ್ನಡಕ ಒರೆಸಿಕೊಂಡರು. ಬಹಳ ಹೊತ್ತು ಒರೆಸಿದರು.

"ಆ ಹುಡುಗ ಬರ್ತಾನೆ ಅಂತ ನಾನು ಕಾಯ್ತಿದ್ದೆ," ಎಂದರು.

ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

"ಐದು ಜನ ಅಂದ್ರೆ ಮುಖ್ಯೋಪಾಧ್ಯಾಯರ ಹತ್ರ ಹೋಗಿ ಕೇಳ್ಬೇಕು. ಅವರು ಏನಂತಾರೋ ಗೊತ್ತಿಲ್ಲ. ಅದಕ್ಕೆ ಮುಂಚೆ ನಿನ್ನನ್ನ ಒಂದು ಕೇಳ್ತೀನಿ. ನೀನು ಬರ್ತೀಯಾ? ಬಂದ್ರೆ ಆರು. ಯಾರ ಹತ್ರಾನೂ ಹೋಗೋದು ಬೇಡ, ಈ ವಿಷಯ ಇಲ್ಲಿಗೇ ಮುಗೀತು."

ಕಿಟಕಿಯಾಚೆ ಯಾರೋ ಚೆಂಡು ಒದೆಯುತ್ತಿದ್ದರು. ಹೂಂ ಅನ್ನುವುದು ಎಷ್ಟು ಸುಲಭವಿತ್ತು. ಎಲ್ಲರೂ ನನ್ನನ್ನು ಒಳ್ಳೆಯವಳು ಅನ್ನುತ್ತಿದ್ದರು.

"ಇಲ್ಲ ಸರ್. ನನಗೆ ಕಾರ್ಲೈಲ್‌ಗೆ ಹೋಗ್ಬೇಕು. ಜನವರಿಯಿಂದಾನೂ ಹೋಗ್ಬೇಕು ಅಂತಾನೆ ಇತ್ತು."

"ಇದನ್ನ ಜನವರೀಲೇ ಹೇಳ್ಬಹುದಿತ್ತು," ಎಂದರು ಸರ್. ಆಮೇಲೆ ಎದ್ದು, ಕೋಟು ಹಾಕಿಕೊಂಡು, ಮುಖ್ಯೋಪಾಧ್ಯಾಯರ ಕೋಣೆಯ ಕಡೆ ಹೋದರು. ನಾನೂ ಹಿಂದೆ ಹೋದೆ. ನನ್ನ ಭಾಗವನ್ನು ನಾನೇ ಹೇಳಿದೆ.

ಜುಲೈ 16, ಬುಧವಾರ

ತೀರ್ಪು: ಕ್ಲಾಸು ನಡೆಯುತ್ತದೆ, ಆದರೆ ಕತ್ತರಿಸಿ. ವಾರಕ್ಕೆ ಐದು ಗಂಟೆಯ ಬದಲು ಮೂರು. ಅದರ ಮೇಲೆ ಮಂಗಳವಾರ ಶಾಲೆ ಬಿಟ್ಟ ನಂತರ ಐದೂವರೆಯವರೆಗೆ, ಪಾಸಲ್‌ಥ್ವೇಟ್ ಸರ್ ತಮ್ಮ ಸ್ವಂತ ಹೊತ್ತಿನಲ್ಲಿ. ನಾಲ್ವರಿಗೆ ಅದರಿಂದ ತೊಂದರೆಯಿಲ್ಲ. ನಾಲ್ಕೂವರೆಗೆ ಕ್ಲೆಮ್ ತಮ್ಮಂದಿರ ಶಾಲೆಯ ಗೇಟಿನಲ್ಲಿರಬೇಕು.

ಅಮ್ಮನಿಗೆ ಎಲ್ಲ ಹೇಳಿದೆ, ಮೊದಲಿನಿಂದ. ಅವಳು ನಡುವೆ ಒಂದೇ ಒಂದು ಸಲ ಮಾತಾಡಿದಳು. "ಸ್ನಾನದ ವಿಷಯ ಅಜ್ಜೀನ ಆಮೇಲೆ ವಿಚಾರಿಸ್ಕೋತೀನಿ."

ಕೊನೆಗೆ, "ಬಸ್ಸಲ್ಲಿ ದಿನಾ ನೋಡ್ತೀನಿ," ಎಂದಳು. "ಇಳೀಬೇಕಾದ ಸ್ಟಾಪ್ ಬಂದ್ರೂ ಗಂಟೆ ಒತ್ತಲ್ಲ ಕೆಲವ್ರು. ನಾನೇ ನಿಲ್ಲಿಸ್ತೀನಿ ಅಂತ ಕೂತಿರ್ತಾರೆ. ಮುಂದಿನ ಸ್ಟಾಪಲ್ಲಿ ಇಳಿದು ನನ್ನನ್ನ ಬೈತಾರೆ."

"ನಾನು ನಿನ್ನ ಬೈದಿಲ್ಲ."

"ಇಲ್ಲ. ಬೆಕ್ಕಿನ ಹತ್ರ ಮಾತಾಡಿಸ್ದೆ."

ಜುಲೈ 18, ಶುಕ್ರವಾರ

ಕ್ಲೆಮ್‌ಳ ಮನೆಯ ಬಾಗಿಲು ತಟ್ಟಿದೆ. ಒಳಗೆ ಕರೆಯಲಿಲ್ಲ.

"ಮಂಗಳವಾರ ನಿನ್ನ ತಮ್ಮಂದಿರನ್ನ ನಾನು ಕರ್ಕೊಂಡು ಬರ್ತೀನಿ. ಪ್ರತಿ ಮಂಗಳವಾರ."

"ತಮಾಷೆನಾ?"

"ಅಲ್ಲ."

"ಒಂದ್ವಾರ ತಪ್ಪಿಸಿದ್ರೂ ಅವರು ಗೇಟಲ್ಲಿ ನಿಂತಿರ್ತಾರೆ. ಜೂಡ್ ಅಳ್ತಾನೆ. ರೂಫಸ್ ಅಳಲ್ಲ, ಒಬ್ಬನೇ ನಡ್ಕೊಂಡು ಹೊರಟುಬಿಡ್ತಾನೆ. ಅದು ಇನ್ನೂ ಕಷ್ಟ."

"ತಪ್ಪಿಸಲ್ಲ."

"ನೋಡ್ತೀನಿ," ಎಂದಳು. ಬಾಗಿಲು ಹಾಕಿಕೊಂಡಳು. ದಡಾರೆಂದು ಅಲ್ಲ.

ಆಗಸ್ಟ್ 21, ಗುರುವಾರ

ಫಲಿತಾಂಶ ಬಂತು. ನನ್ನದು ಸಾಕಾಗುವಷ್ಟು. ಕ್ಲೆಮ್‌ಳದು ಅವಳ ಲಕೋಟೆ ನೋಡಿದವರೆಲ್ಲ ಒಂದು ಸಲ ಉಸಿರು ಹಿಡಿಯುವಷ್ಟು. ದೂರದಿಂದ ಹೆಬ್ಬೆರಳು ಎತ್ತಿ ತೋರಿಸಿದೆ. ಅವಳು ತಲೆಯಾಡಿಸಿದಳು.

ಹತ್ತೂಮುಕ್ಕಾಲಿನ ರೈಲು. ಕಾರ್ಲೈಲ್‌ನಲ್ಲಿ ದಾಖಲಾತಿಯ ಸಾಲು ಕಟ್ಟಡದ ಹೊರಗಿನವರೆಗೆ ಇತ್ತು. ನಾಟಕದ ಟೀಚರೇ ಮೇಜಿನ ಹಿಂದೆ ಕೂತಿದ್ದರು. ನನ್ನ ನೆನಪಿತ್ತು ಅವರಿಗೆ.

"ಪೆಟ್ಟಿಗೆ ಹೊತ್ತವಳು. ಈ ಶರತ್ಕಾಲದ ನಾಟಕಕ್ಕೆ ನಿನ್ನ ಹೆಸರು ಬರ್ಕೊಂಡಿದೀನಿ. ತಾಲೀಮು ಮಂಗಳವಾರ, ಎರಡರಿಂದ ಐದು."

ನಾನು ನೆಲ ನೋಡಿದೆ. ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ.

"ಮಂಗಳವಾರ ಮಧ್ಯಾಹ್ನ ನಾನಿರಲ್ಲ."

"ಯಾವುದಾದ್ರೂ ಒಂದು ಮಂಗಳವಾರವಾ?"

"ಎಲ್ಲ ಮಂಗಳವಾರಾನೂ. ಇಬ್ಬರು ಹುಡುಗ್ರನ್ನ ಶಾಲೆಯಿಂದ ಕರ್ಕೊಂಡು ಬರ್ಬೇಕು."

"ತಮ್ಮಂದಿರಾ?"

"ಅಲ್ಲ."

ಆಕೆ ಕಾಯ್ದರು. ನಾನು ಬೇರೇನೂ ಹೇಳಲಿಲ್ಲ. ಹೇಳಲು ಒಳ್ಳೊಳ್ಳೆಯ ಕತೆಗಳು ಮೂರ್ನಾಲ್ಕು ಬಾಯಿಯ ತುದಿಗೇ ಬಂದಿದ್ದವು. ಆಕೆ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದು, "ಕ್ಲಾಸಿಗೆ ಬಾ. ನಾಟಕ ಮುಂದಿನ ವರ್ಷ ನೋಡೋಣ," ಎಂದರು.

ರೈಲಿನಲ್ಲಿ ಬರುವಾಗ ಸ್ವಲ್ಪ ಅತ್ತೆ. ಸಮುದ್ರದ ಕಡೆಯ ಸೀಟು.

ಸೆಪ್ಟೆಂಬರ್ 9, ಮಂಗಳವಾರ

ಮೊದಲ ಮಂಗಳವಾರ. ನಾಲ್ಕು ಇಪ್ಪತ್ತಕ್ಕೇ ಗೇಟಿನಲ್ಲಿದ್ದೆ. ಅಲ್ಲಿನ ಮೇಡಂ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಕ್ಲೆಮ್‌ಳ ಅಮ್ಮ ಪತ್ರ ಕೊಟ್ಟಿದ್ದರು, ಆದರೂ ಮಕ್ಕಳನ್ನು ಕರೆದೊಯ್ಯುವ ಹೊಸಬರು ಪುಸ್ತಕದಲ್ಲಿ ಬರೆಯಬೇಕಂತೆ.

"ಹೆಸರು?"

"ಹೆಟ್ಟಿ ಮಸ್‌ಗ್ರೇವ್."

"ಇವರಿಗೆ ಏನಾಗ್ಬೇಕು? ಅಕ್ಕನಾ?"

"ಅಲ್ಲ. ಇವರಕ್ಕನ ಗೆಳತಿ."

"ಜಗಳ ಆಡಿರೋ ಗೆಳತಿ," ಎಂದ ರೂಫಸ್, ಬೂಟಿನ ಲೇಸು ಕಟ್ಟಿಕೊಳ್ಳುತ್ತ.

"ಇವಳು ಒಬ್ಬ ಸುಳ್ಳು ಹುಡುಗನ್ನ ಮಾಡಿದ್ಲು," ಎಂದ ಜೂಡ್.

"ಹೌದು, ಮಾಡಿದ್ದೆ," ಎಂದೆ.

ಮೇಡಂ ಪೆನ್ನು ಹಿಡಿದು ನಮ್ಮ ಮೂವರ ಮುಖವನ್ನೂ ನೋಡಿದರು. ಸಂಬಂಧ ಎಂಬ ಕಡೆ 'ಗೆಳತಿ' ಎಂದಷ್ಟೇ ಬರೆದು, ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಸರಿಯಾಗಿದೆಯೇ ನೋಡಿಕೊಂಡು ರುಜು ಹಾಕಬೇಕು.

ಓದಿದೆ. ಹಾಕಿದೆ.